ಕೀಲಿಮಣೆಯಲ್ಲಿ ಇಲ್ಲದ ಅಕ್ಷರ

ಬರ್ಮಾದ ಮೋಲಮ್ಯೈನ್ ಕೋರ್ಟಿನ ಕಾಂಪೌಂಡಿಗೆ ಬೆನ್ನು ಹಾಕಿ ಒಂದು ಕಾಲಕ್ಕೆ ಹನ್ನೊಂದು ಟೈಪಿಸ್ಟರು ಕೊಡೆಗಳ ಕೆಳಗೆ ಸಾಲಾಗಿ ಕೂರುತ್ತಿದ್ದರು. ಹತ್ತು ಜನ ಗಂಡಸರು, ಹನ್ನೊಂದನೆಯವಳು ಮಿ ಲವೀ. ಉಳಿದವರ ಹತ್ತಿರ ಜನ ಯಾರ ಸ್ಟೂಲು ಖಾಲಿಯಿದೆ ಎಂದು ನೋಡಿ ಹೋಗುತ್ತಿದ್ದರು. ಮಿ ಲವೀ ಹತ್ತಿರ ಮಾತ್ರ ಸ್ಟೂಲು ಖಾಲಿಯಾಗುವವರೆಗೆ ನಿಂತು ಕಾಯುತ್ತಿದ್ದರು. ಅವಳ ಕೈ ಬೇರೆಯವರಿಗಿಂತ ಚುರುಕು ಅಂತಲ್ಲ. ಹೇಳಿದ್ದನ್ನೆಲ್ಲ ಕುಟ್ಟಿ ಕೊಡುವ ಪೈಕಿಯಲ್ಲ ಅವಳು. ಪೂರ್ತಿ ಕೇಳಿ, ಕನ್ನಡಕ ಹಣೆಗೇರಿಸಿ, "ನೋಡು ದೊಡ್ಡಮ್ಮ, ನೀನು ಅವನಿಗೆ ಪೊರಕೇಲಿ ಬಾರಿಸಿದ್ದು ಬರೆದ್ರೆ ಕೇಸು ನಿನ್ನ ಮೇಲೇ ತಿರುಗ್ತದೆ. ಬೇಲಿ ಸರಿಸಿದ್ದು ಮಾತ್ರ ಹಾಕೋಣ," ಎನ್ನುವವಳು.

ಅವಳ ಪಕ್ಕದ ಕೊಡೆ ನನ್ನದು. ನಾನು ಚಿಟ್ ಸ್ವೇ, ರಬ್ಬರ್ ಸ್ಟಾಂಪು ಕೆತ್ತುವವನು. ನಲವತ್ತು ವರ್ಷ ಪಕ್ಕಪಕ್ಕದಲ್ಲಿ ಕೂತು, ಅವಳ ಟೈಪ್‌ರೈಟರಿನ ಸದ್ದು ನಿಂತರೆ ನನಗೆ ನಿದ್ದೆ ಹಾರಿಹೋಗುವಷ್ಟು ಅಭ್ಯಾಸವಾಗಿತ್ತು.

ಮಿ ಲವೀ ಬಿಲೂ ದ್ವೀಪದವಳು. ಅವಳ ಅಪ್ಪ ಸ್ಲೇಟು ಮಾಡುತ್ತಿದ್ದ. ಕಲ್ಲು ಸೀಳಿ, ಉಜ್ಜಿ, ಮರದ ಚೌಕಟ್ಟು ಹಾಕಿದ ಮೇಲೆ ಬಳಪ ಸರಿಯಾಗಿ ಹಿಡಿಯುತ್ತದೋ ಇಲ್ಲವೋ ಎಂದು ಒಂದೊಂದರ ಮೇಲೂ ಒಂದಕ್ಷರ ಬರೆದು ಒರೆಸುವ ಕೆಲಸ ಮಗಳದ್ದು. ಹಾಗೆ ಬರೆದೂ ಬರೆದೂ ಅವಳ ಅಕ್ಷರ ದುಂಡಗಾಯಿತು. ಶಾಲೆಯಲ್ಲಿ ಕಲಿಸಿದ್ದು ಬರ್ಮಿ ಅಕ್ಷರ. ನಾವು ಮೋನ್ ಜನ, ನಮ್ಮ ಮೋನ್ ಅಕ್ಷರ ಕಲಿಯಬೇಕೆಂದರೆ ಬೇಸಿಗೆ ರಜೆಯಲ್ಲಿ ವಿಹಾರಕ್ಕೆ ಹೋಗಿ ಸಯಾಡೊ, ಅಂದರೆ ಹಿರಿಯ ಭಿಕ್ಷುಗಳ ಮುಂದೆ ಚಾಪೆಯ ಮೇಲೆ ಕೂರಬೇಕಿತ್ತು. ಅವಳು ಕೂತಳು. ನಾನು ಅದೇ ಬೇಸಿಗೆಗಳಲ್ಲಿ ನದಿಗೆ ಹಾರುತ್ತಿದ್ದೆ. ಹಾಗಾಗಿ ನನಗೆ ಮೋನ್ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಮ್ಮೂರಲ್ಲಿ ನನ್ನಂಥವರೇ ಹೆಚ್ಚು.

ಕೋರ್ಟಿನ ಕಾಗದವೆಲ್ಲ ಬರ್ಮಿಯಲ್ಲಿ. ಆದರೆ ಮದುವೆ ಕರೆಯೋಲೆ, ವಿಹಾರದ ದಾನದ ಚೀಟಿ, ಸಾವಿನ ಸುದ್ದಿ, ಮುನಿಸಿಕೊಂಡ ತಂಗಿಗೊಂದು ಪತ್ರ, ಇವೆಲ್ಲ ಮೋನ್ ಭಾಷೆಯಲ್ಲೇ ಆಗಬೇಕು ಎನ್ನುವ ಜನ ಅವಳ ಹತ್ತಿರ ಬರುತ್ತಿದ್ದರು. ಟೈಪ್‌ರೈಟರ್ ಮಾತ್ರ ಬರ್ಮಿಯದು. ಎಷ್ಟೋ ಅಕ್ಷರ ಎರಡಕ್ಕೂ ಒಂದೇ, ಕೆಲವು ಬೇರೆ. ನಮ್ಮ 'ಙ' ಅವರ 'ಙ'ದಂತಿಲ್ಲ. ನಮ್ಮ ಕೆಲವು ಒತ್ತಕ್ಷರ ಅವರಲ್ಲಿಲ್ಲ. ಮಿ ಲವೀ ಅಲ್ಲಲ್ಲಿ ಜಾಗ ಬಿಟ್ಟು ಟೈಪು ಮಾಡಿ, ಆಮೇಲೆ ಪೆನ್ನಿನಲ್ಲಿ ತುಂಬುತ್ತಿದ್ದಳು.

ಒಂದು ದಿನ ಮದುವೆ ಹುಡುಗಿಯ ಅಪ್ಪನೊಬ್ಬ ಕಾಗದ ಎತ್ತಿ ಹಿಡಿದು, "ಏನು ಸಯಾಮಾ ಇದು? ತೇಪೆ ಹಾಕಿದ ಲುಂಗಿ ಥರ ಕಾಣ್ತದೆ. ನನ್ನ ಮಗಳಿಗಿರೋದು ಒಂದೇ ಮದುವೆ," ಎಂದ. ಸಯಾಮಾ ಅಂದರೆ ಗುರುಗಳು. ನಮ್ಮಲ್ಲಿ ಅಕ್ಷರ ಬಲ್ಲ ಹೆಂಗಸಿಗೆ ಜನ ತಾವಾಗಿಯೇ ಕೊಡುವ ಬಿರುದು.

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಚಿಟ್ ಸ್ವೇ, ಒಂದು 'ಙ' ಕೆತ್ತಿ ಕೊಡ್ತೀಯಾ? ಟೈಪಿನ ತಲೆಗೆ ಅಂಟಿಸೋ ಹಾಗೆ."

"ನಂಗೆ ಓದೋಕೇ ಬರಲ್ವಲ್ಲ ಅಕ್ಕ."

"ಓದೋಕೆ ಯಾರು ಹೇಳಿದ್ರು? ನೀನು ಕೆತ್ತೋದೆಲ್ಲ ತಿರುಗುಮುರುಗೇ ಅಲ್ವಾ. ನೇರವಾಗಿ ಓದೋಕೆ ಬಂದ್ರೆ ನಿನ್ನ ಕೈ ತಪ್ಪೀತು."

ಟೈಪ್‌ರೈಟರಿನಲ್ಲಿ ಯಾರೂ ಬಳಸದ ¼ ಚಿಹ್ನೆಯ ಕಡ್ಡಿಯನ್ನು ಅರದಿಂದ ಉಜ್ಜಿ, ಅದರ ತಲೆಗೆ ನನ್ನ ರಬ್ಬರ್ ಅಕ್ಷರ ಅಂಟಿಸಿದೆವು. ಬಿತ್ತು ನೋಡಿ ಕಾಗದದ ಮೇಲೆ! ಉಳಿದ ಅಕ್ಷರಗಳ ಎರಡರಷ್ಟು ದಪ್ಪ, ಎಣ್ಣೆ ಕುಡಿದಷ್ಟು ಕಪ್ಪು. ಸಾಲಿನ ಟೈಪಿಸ್ಟರೆಲ್ಲ ಬಂದು ನೋಡಿ, "ಮದುವೆ ಊಟ ಮುಗಿಸಿ ಬಂದಿರೋ ಅಕ್ಷರ," ಎಂದು ಹೊಟ್ಟೆ ಹಿಡಿದು ನಕ್ಕರು. ಇಪ್ಪತ್ತು ಸಲ ಕುಟ್ಟಿದರೆ ಉದುರಿ ಹೋಗುತ್ತಿತ್ತು. ಮತ್ತೆ ಅಂಟಿಸುತ್ತಿದ್ದೆವು. ಆರು ತಿಂಗಳ ಮೇಲೆ ಒಬ್ಬ ಅಕ್ಕಸಾಲಿಯನ್ನು ಹಿಡಿದು ಹಿತ್ತಾಳೆಯಲ್ಲಿ ಮಾಡಿಸಿದಳು. ಹಿತ್ತಾಳೆಯದೂ ಸ್ವಲ್ಪ ದಪ್ಪವೇ. ಆದರೂ ಆ ದಪ್ಪ 'ಙ' ಇರುವ ಕರೆಯೋಲೆ ಎಂದರೆ ಸುತ್ತಮುತ್ತ ಹತ್ತೂರಿಗೆ ಗುರುತಾಯಿತು.

ಅವಳಿಗೊಂದು ಅಭ್ಯಾಸವಿತ್ತು. ಏನೇ ಟೈಪು ಮಾಡಲಿ, ಕಾರ್ಬನ್ ಹಾಕಿ ಒಂದು ಪ್ರತಿ ತಾನು ಇಟ್ಟುಕೊಳ್ಳುತ್ತಿದ್ದಳು. ಬಿಸ್ಕತ್ತಿನ ತಗಡು ಡಬ್ಬಿಗಳಲ್ಲಿ, ವರ್ಷವಾರು. ನಾನು ಅವಳ ಡಬ್ಬಿಗೆ ಸೇರಿದ್ದು ಹೇಗೆಂದರೆ, ದ್ವೀಪದಲ್ಲಿ ಮಿ ಪಕಾವ್ ಎಂಬ ಹುಡುಗಿಯಿದ್ದಳು. ಅವಳಪ್ಪ ಮೋನ್ ಓದು ಬಾರದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದ. ನಾನು ಮಿ ಲವೀ ಮುಂದೆ ಸ್ಟೂಲಿನ ಮೇಲೆ ಕೂತು, ಕಿವಿ ಕೆಂಪಗೆ ಮಾಡಿಕೊಂಡು, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಮುಖದಲ್ಲಿ ನಗೆ ತೋರದೆ ಟೈಪು ಮಾಡಿದಳು.

"ಇದಕ್ಕೂ ಕಾರ್ಬನ್ ಯಾಕಕ್ಕ?"

"ನಾಳೆ ನೀನು ನಾ ಹಾಗಂದೇ ಇಲ್ಲ ಅಂದ್ರೆ?"

ಮಿ ಪಕಾವ್ ನನ್ನನ್ನೇ ಮದುವೆಯಾದಳು. ಪತ್ರ ನಾನೇ ಬರೆದದ್ದಲ್ಲ ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತಂತೆ, ದಪ್ಪ 'ಙ' ನೋಡಿ.

ಮಿ ಲವೀಗೆ ನಲವತ್ತು ತುಂಬಿದ ವರ್ಷ ವಿಹಾರಕ್ಕೆ ಯಾರೋ ಭಕ್ತರು ಹಳೆಯ ಕಂಪ್ಯೂಟರ್ ಒಂದನ್ನು ದಾನ ಕೊಟ್ಟರು. ಜೊತೆಗೊಂದು ಫ್ಲಾಪಿ. ಗಡಿಯಾಚೆ ಥಾಯ್ಲೆಂಡಿನಲ್ಲಿದ್ದ ನಮ್ಮವನೊಬ್ಬ ಮೋನ್ ಅಕ್ಷರಗಳನ್ನು ಕೂತು ಬಿಡಿಸಿ ಅದರಲ್ಲಿ ಕಳಿಸಿದ್ದ. ಭಿಕ್ಷುಗಳಿಗೆ ಅದನ್ನು ಮುಟ್ಟಲು ಭಯ. ಸಯಾಡೊ ಮಿ ಲವೀಗೆ ಹೇಳಿ ಕಳಿಸಿದರು. ವಾರದಲ್ಲಿ ಮೂರು ಮಧ್ಯಾಹ್ನ ಅವಳು ಕೊಡೆ ಮಡಿಸಿ ವಿಹಾರದ ಬೆಟ್ಟ ಹತ್ತತೊಡಗಿದಳು. ಮೊದಲ ತಿಂಗಳು ಬೆರಳಿಗೆ ಬುದ್ಧಿ ಬರಲಿಲ್ಲ. ಟೈಪ್‌ರೈಟರ್ ಕುಟ್ಟಿದ ಕೈ, ಕೀಲಿಗಳನ್ನು ಗುದ್ದಿ ಗುದ್ದಿ ಎರಡನ್ನು ಮುರಿದಳು. ಕೊನೆಗೊಂದು ದಿನ ಸಯಾಡೊ ಇಣುಕಿ ನೋಡಿದರೆ ಪರದೆ ತುಂಬ ಸಾಲು ಸಾಲಾಗಿ ಒಂದೇ ಅಕ್ಷರ.

"ಏನಮ್ಮ ಇದು, ಮಂತ್ರವೇ?"

"'ಙ', ಸಯಾಡೊ. ನೋಡಿ, ಒಂದೂ ದಪ್ಪ ಇಲ್ಲ. ಎಲ್ಲಾ ಒಂದೇ ಸಮ." ಅವಳ ಕಣ್ಣಲ್ಲಿ ನೀರಿತ್ತು ಎಂದು ಸಯಾಡೊ ಆಮೇಲೆ ನನಗೆ ಹೇಳಿದರು. ಅವಳನ್ನು ಕೇಳಿದರೆ, ಪರದೆಯ ಬೆಳಕಿಗೆ ಕಣ್ಣು ಉರೀತಿತ್ತು ಎನ್ನುತ್ತಾಳೆ.

ಆಮೇಲೆ ಅವಳೇ ಒಂದು ಕಂಪ್ಯೂಟರ್ ಕೊಂಡಳು. ಕೊಡೆಯ ಕೆಳಗಿನಿಂದ ಎದುರಿನ ಕಿರುಅಂಗಡಿಗೆ ಹೋದಳು. ಪಕ್ಕದ ಕಿಟಕಿಯಷ್ಟು ಜಾಗ ನನಗೂ ಕೊಟ್ಟಳು.

ಫೋನುಗಳು ಬಂದದ್ದು ಇದಾಗಿ ಬಹಳ ವರ್ಷಕ್ಕೆ. ಸಿಮ್ ಕೊಳ್ಳಲು ಮೊದಲು ಗದ್ದೆ ಮಾರಬೇಕಿತ್ತು. ಒಂದು ಮಳೆಗಾಲ ಇದ್ದಕ್ಕಿದ್ದಂತೆ ಎರಡು ಮೂರು ಬಟ್ಟಲು ಮೊಹಿಂಗಾದ, ಅಂದರೆ ಮೀನುಸಾರಿನ ಶ್ಯಾವಿಗೆಯ ಬೆಲೆಗೆ ಸಿಗತೊಡಗಿತು. ಕೆಲವೇ ತಿಂಗಳಲ್ಲಿ ಮೀನು ಮಾರುವವಳ ಬುಟ್ಟಿಯಲ್ಲೂ ಫೋನು ಮಿನುಗುತ್ತಿತ್ತು. ಮಿ ಲವೀಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಜಗತ್ತಿನ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ ನಮ್ಮ ಅಕ್ಷರಗಳಿಗೂ ಜಾಗ ಸಿಕ್ಕಿತ್ತು. ಸಯಾಡೊ ಅವರಿಗೆ ಎಂಬತ್ತು ತುಂಬುವ ದಿನ. ಅವಳು ಆ ಹೊಸ ಫಾಂಟಿನಲ್ಲಿ ಚೆಂದದ ಕರೆಯೋಲೆ ಟೈಪು ಮಾಡಿ ಮುನ್ನೂರು ಜನರ ಫೋನಿಗೆ ಕಳಿಸಿದಳು.

ಮರುದಿನ ಬೆಳಿಗ್ಗೆ ಕರೆ ಶುರುವಾಯಿತು. "ಸಯಾಮಾ, ಸಯಾಡೊ ಚೀನೀ ಕಲಿತ್ರಾ?" "ಸಯಾಮಾ, ನನ್ನ ಫೋನು ಒದ್ದೆಯಾಗಿತ್ತು, ಅದಕ್ಕೇ ಹೀಗಾ?" ಮುದುಕನೊಬ್ಬ ಫೋನಿಗೆ ದೃಷ್ಟಿ ತಾಗಿದೆಯೆಂದು ಸಯಾಡೊ ಕೈಯಲ್ಲಿ ದಾರ ಕಟ್ಟಿಸಲು ಬಂದ. ನೋಡಿದರೆ ಪರದೆಯ ಮೇಲೆ ಅಕ್ಷರಗಳ ಗಂಜಿ. 'ಙ' ಇರಬೇಕಾದ ಕಡೆ ದೀರ್ಘದ ಬಾಲವೊಂದು ಯಾರಿಗೂ ಅಂಟದೆ ಒಂಟಿಯಾಗಿ ನಿಂತಿದೆ. 'ಲ'ಕಾರದ ಒತ್ತು ಇರಬೇಕಾದಲ್ಲಿ 'ಕ'ಕಾರದ ಒತ್ತು ಜೋತುಬಿದ್ದಿದೆ.

ಮಿ ಲವೀ ಸೀದಾ ಮೇಲಿನ ಬೀದಿಯ ಫೋನ್ ಅಂಗಡಿಗೆ ಹೋದಳು. ನಾನೂ ಬೆನ್ನು ಹತ್ತಿದೆ. ಅಂಗಡಿಯ ಜೋ ಲಟ್, ಎರಡು ಮಕ್ಕಳ ತಂದೆ, ಹುಟ್ಟಾ ನಗೆಗಾರ. ನಮ್ಮೂರ ಅರ್ಧ ಫೋನುಗಳಿಗೆ ಫಾಂಟು ಹಾಕಿಕೊಟ್ಟವನು ಅವನೇ.

"ತಪ್ಪು ನಿಮ್ಮದಲ್ಲ ಸಯಾಮಾ, ಕೂರಿ," ಎಂದ. "ಮೋಲಮ್ಯೈನಿಂದ ಯಾಂಗೂನಿಗೆ ರೈಲಲ್ಲಿ ಹೋಗ್ತೀರಿ ಅಂತಿಟ್ಕೊಳ್ಳಿ. ನಿಮ್ಮ ಟಿಕೆಟಿಗೆ ಸೀಟ್ ನಂಬರಿದೆ. ಹತ್ತಿ ನೋಡಿದ್ರೆ ಅಲ್ಲಿ ಯಾರೋ ಕಾಲು ಚಾಚಿ ಮಲಗಿದಾನೆ. ಹಾಗಿದು. ಪಟ್ಟೀಲಿ ಮೋನ್ ಅಕ್ಷರಕ್ಕೆ ಅಂತ ಕೊಟ್ಟ ನಂಬರಲ್ಲಿ, ಊರಲ್ಲೆಲ್ಲ ಓಡ್ತಿರೋ ಹಳೇ ಬರ್ಮಿ ಫಾಂಟು ತನ್ನ ಹೆಚ್ಚುವರಿ ಅಕ್ಷರಗಳನ್ನ ಕೂರಿಸಿಬಿಟ್ಟಿದೆ."

"ಎಬ್ಬಿಸು ಮತ್ತೆ ಅವನನ್ನ."

"ಎಬ್ಬಿಸಿದ್ರೆ ಜಗಳ. ಮೋನ್ ಯಾರು ಕೇಳ್ತಾರೆ ಸಯಾಮಾ? ನೂರಕ್ಕೆ ಒಬ್ರು."

"ನೀನು ಕೇಳಿದೀಯಾ ಅವರನ್ನ?"

"ನೂರಕ್ಕೆ ಹತ್ತು ಜನ ಮೋನಿನವರು ಸಿಕ್ರೂ ನೀವು ಕಳಿಸಿದವರ ಫೋನಿಗೆಲ್ಲ ಹೊಸ ಫಾಂಟು ಹಾಕ್ಕೊಡ್ತೀನಿ," ಎಂದು ಜೋ ಲಟ್ ಪಂಥ ಕಟ್ಟಿದ. ಮಿ ಲವೀ ಅವನ ಅಂಗಡಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಮೂರು ದಿನ ಕೂತಳು. ಬಂದ ನೂರು ಗಿರಾಕಿಗಳನ್ನು ಕೇಳಿದಳು. ಮನೆಯಲ್ಲಿ ಮೋನ್ ಮಾತಾಡುವವರು ಅರವತ್ತೆಂಟು. ಗೆದ್ದೆವೆಂದು ನಾನು ಕುಣಿದೆ. ಅವಳು ಎರಡನೆಯ ಪ್ರಶ್ನೆಯ ಲೆಕ್ಕ ತೋರಿಸಿದಳು: ಆ ಅರವತ್ತೆಂಟರಲ್ಲಿ ಓದಬಲ್ಲವರು ಹದಿಮೂರು.

"ಸೀಟು ಕಿತ್ಕೊಂಡವನನ್ನ ಬೈಯೋಕೆ ಹೊರಟಿದ್ದೆ," ಎಂದಳು. "ರೈಲು ಹತ್ತೋಕೇ ನಮ್ಮವರು ಬಂದಿಲ್ಲ."

ಆ ವಾರದಿಂದಲೇ ವಿಹಾರದಲ್ಲಿ ಶನಿವಾರದ ಪಾಠ ಶುರುವಾಯಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಏಳು ವರ್ಷದ ಮೊಮ್ಮಗಳ ಪಕ್ಕ ಚಾಪೆಯ ಮೇಲೆ ಕೂತೆ. ಮಿ ಪಕಾವ್ ನನ್ನನ್ನು ಕುತ್ತಿಗೆ ಹಿಡಿದು ಕೂರಿಸಿದಳು ಎನ್ನುವುದೇ ಸರಿ. ತಿರುಗುಮುರುಗು ಕೆತ್ತಿ ಅಭ್ಯಾಸವಾದ ನನಗೆ ಅಕ್ಷರ ನೇರವಾಗಿ ಕೂತರೆ ಗುರುತೇ ಸಿಗುತ್ತಿರಲಿಲ್ಲ. ಇತ್ತ ಜೋ ಲಟ್ ಸೋತ ಮಾತಿಗೆ ತಪ್ಪದೆ, ಮಿ ಲವೀ ಕಳಿಸಿದವರ ಫೋನಿಗೆಲ್ಲ ಹೊಸ ಫಾಂಟು ಹಾಕಿಕೊಟ್ಟ. ನೂರಕ್ಕೂ ಹೆಚ್ಚು ಫೋನುಗಳಾದವು.

ಅಲ್ಲೇ ಎಡವಟ್ಟಾಯಿತು. ಹೊಸ ಫಾಂಟಿನ ಫೋನಿನಲ್ಲಿ ಮೋನ್ ಸರಿಯಾಗಿ ಕಂಡಿತು ನಿಜ. ಆದರೆ ಉಳಿದ ಊರೆಲ್ಲ ಹಳೇ ಫಾಂಟಿನಲ್ಲಿ ಕಳಿಸುವ ಬರ್ಮಿ ಸಂದೇಶಗಳು ಈಗ ಅದರಲ್ಲಿ ಗಂಜಿಯಾದವು.

ಹುದುಗಿಸಿದ ಮೀನಿನ ಚಟ್ನಿ ಮಾರುವ ಮಿ ಸೊರ್ನ್ ಎಂಬ ವಿಧವೆಯ ಮಗ ಥಾಯ್ಲೆಂಡಿನ ಮಹಾಚೈಯಲ್ಲಿ ಸಿಗಡಿ ಕಾರ್ಖಾನೆಯಲ್ಲಿದ್ದ. ಅವನು ಬರ್ಮಿಯಲ್ಲಿ, 'ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರ್ತಿದ್ದೀನಿ, ಸಾಮಾನು ಜಾಸ್ತಿ ಇದೆ, ಗಾಡಿ ತಗೊಂಡು ಬಾ' ಎಂದು ಬರೆದಿದ್ದ. ತಾಯಿ ಅದನ್ನು ನೋಡಿ ಮಗ ಏನೋ ಚಿತ್ರ ಕಳಿಸಿದ್ದಾನೆ ಎಂದುಕೊಂಡು ಸುಮ್ಮನಾದಳು. ಗಡಿ ದಾಟಿದ ಮೇಲೆ ಅವನ ಥಾಯ್ ಸಿಮ್ ಸತ್ತಿತ್ತು. ಮೂರು ವರ್ಷಕ್ಕೆ ಊರಿಗೆ ಬಂದ ಮಗ ಒಂದು ಫ್ಯಾನು, ಒಂದು ಅನ್ನದ ಕುಕ್ಕರು, ಹಾಸಿಗೆಯ ಸುರುಳಿಯೊಂದನ್ನು ಕಾವಲು ಕಾಯುತ್ತ ಮಧ್ಯಾಹ್ನದವರೆಗೆ ಬಸ್ ನಿಲ್ದಾಣದಲ್ಲಿ ಕೂತಿದ್ದ.

ಸುದ್ದಿ ಕೇಳಿದ ಮಿ ಲವೀ ಊಟ ಬಿಟ್ಟು ಎದ್ದಳು. ಬಾಳೆಎಲೆಯಲ್ಲಿ ಸಿಹಿ ಅಂಟಕ್ಕಿ ಕಟ್ಟಿಸಿಕೊಂಡು ಮಿ ಸೊರ್ನ್ ಮನೆಗೆ ಹೋದಳು. ಮಗ ಬಾಗಿಲಲ್ಲೇ ಇದ್ದ.

"ನನ್ನಿಂದ ತಪ್ಪಾಯ್ತು ಕಣಪ್ಪಾ. ನಿಮ್ಮಮ್ಮನ ಫೋನು ಬದಲಾಯಿಸಿದ್ದು ನಾನು. ಹಿಂಗಾಗ್ತದೆ ಅಂತ ಹೇಳ್ಲಿಲ್ಲ."

"ಹೋಗ್ಲಿ ಬಿಡಿ ಸಯಾಮಾ," ಎಂದ ಅವನು, ಸಿಟ್ಟೂ ನಗುವೂ ಒಟ್ಟಿಗೇ. "ಆದ್ರೆ ಕುಕ್ಕರ್ ಮೇಲೆ ಕೂತು ಐದು ಗಂಟೆ ಕಾದಿದೀನಿ. ನಾನು ಕೂರೋ ಜಾಗದಲ್ಲಿ ಅದರ ಕಂಪನಿ ಹೆಸರೇ ಮೂಡಿರಬೇಕು."

ಒಳಗಿನಿಂದ ಮಿ ಸೊರ್ನ್ ಕೂಗಿದಳು: "ಬೈಬೇಡ್ವೋ ಅವಳನ್ನ! ಹುಟ್ಟಿದಾಗಿಂದ ಮೊದಲನೇ ಸಲ ನನ್ನ ಹೆಸರು ನಮ್ಮಕ್ಷರದಲ್ಲಿ ನೋಡಿದೀನಿ!"

ಮಿ ಲವೀಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ದಾರಿಯಲ್ಲಿ ನನಗೆಂದಳು, "ಅಕ್ಷರ ಸರಿ ಇದೆ ಅಂತ ಮನುಷ್ಯನ್ನ ಬಸ್‌ಸ್ಟ್ಯಾಂಡಲ್ಲಿ ಕೂರಿಸೋಕಾಗಲ್ಲ, ಚಿಟ್ ಸ್ವೇ. ಅವರ ಫೋನು ಅವರದು. ನಾನು ಕೇಳಬೇಕಿತ್ತು." ಮುಂದಿನ ಹದಿನೈದು ದಿನ ಅವಳು ಒಬ್ಬೊಬ್ಬರ ಮನೆಗೂ ಹೋಗಿ, ಹೀಗೆ ಮಾಡಿದರೆ ಹೀಗೆ, ಹಾಗೆ ಮಾಡಿದರೆ ಹಾಗೆ ಎಂದು ಬಿಡಿಸಿ ಹೇಳಿದಳು. ಅರ್ಧದಷ್ಟು ಜನ ಹಳೆಯದಕ್ಕೇ ಹಿಂತಿರುಗಿದರು. ಜೋ ಲಟ್ ಗೊಣಗದೆ ಎಲ್ಲವನ್ನೂ ವಾಪಸ್ ಬದಲಾಯಿಸಿದ. ಗೊಣಗಿದ್ದು ಒಂದೇ ಸಲ, ಅದೂ ಅವಳಿಗೆ ಕೇಳದಂತೆ.

ಕೆಲವು ತಿಂಗಳ ಮೇಲೆ ಅವನೇ ಓಡಿ ಬಂದ. ಯಾಂಗೂನಿನಲ್ಲಿ ಕೆಲವು ಯುವಕರು ಒಂದು ಪ್ರೋಗ್ರಾಮ್ ಮಾಡುತ್ತಿದ್ದರು. ಸಂದೇಶ ಬಂದ ಕೂಡಲೇ ಅದು ಹಳೇ ಫಾಂಟೋ ಹೊಸ ಫಾಂಟೋ ಎಂದು ತಾನೇ ಊಹಿಸಿ, ಓದುವವರಿಗೆ ಸರಿಯಾಗಿ ತೋರಿಸುವಂಥದ್ದು. ಮಿ ಲವೀ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಪರೀಕ್ಷೆಗೆ ಸಯಾಡೊ ಅವರ ಪೂರ್ತಿ ಹೆಸರನ್ನು ಮೋನ್‌ನಲ್ಲಿ ಬರೆದು ಹಾಕಿದಳು. ಪ್ರೋಗ್ರಾಮು ಅದನ್ನು ಕೆಟ್ಟ ಬರ್ಮಿ ಎಂದು ತೀರ್ಮಾನಿಸಿ, ಬಹಳ ಶ್ರದ್ಧೆಯಿಂದ ತಿದ್ದಿ, ಅರ್ಥವೇ ಇಲ್ಲದ ಎಂಟಕ್ಷರ ಮಾಡಿಕೊಟ್ಟಿತು.

ಅವಳು ಒಂದು ನೋಟ್‌ಬುಕ್ ಕೊಂಡಳು. ದಿನಕ್ಕೆ ಹತ್ತು ಹದಿನೈದು ಮೋನ್ ವಾಕ್ಯ ಹಾಕಿ, ಯಂತ್ರ ಏನು ಮಾಡಿತು ಎಂದು ಕೆಂಪು ಶಾಯಿಯಲ್ಲಿ ಬರೆದಳು. ನೋಟ್‌ಬುಕ್ ತುಂಬಿದ ಮೇಲೆ ಅದನ್ನು ಅಂಚೆಯಲ್ಲಿ ಯಾಂಗೂನಿಗೆ ಕಳಿಸಿದಳು, ತನ್ನ ಹಳೇ ಟೈಪ್‌ರೈಟರಿನಲ್ಲಿ ಕುಟ್ಟಿದ ಪತ್ರವೊಂದನ್ನು ಜೊತೆಗಿಟ್ಟು. ಅವರಿಂದ ಕರೆ ಬಂತು: ದಯವಿಟ್ಟು ಬನ್ನಿ.

ಹತ್ತು ಗಂಟೆ ಕುಲುಕಾಡುವ ರೈಲಿನಲ್ಲಿ ಹೋದೆವು. ಐದನೆಯ ಮಹಡಿಯ ಕೋಣೆ, ಹಿಮದಷ್ಟು ತಣ್ಣಗೆ. ಹತ್ತು ಹನ್ನೆರಡು ಯುವಕ ಯುವತಿಯರು. ಮುಂದಾಳು ಐಂದ್ರಾ ಎಂಬ ಮೂವತ್ತರ ಹೆಣ್ಣುಮಗಳು, ಮಾತು ಮೃದು, ಕಣ್ಣು ಚುರುಕು. ಮಿ ಲವೀ ಕೆನ್ನೆಗೆ ತನಕಾ ಮರದ ಗಂಧ ಹಚ್ಚಿ, ಕೆಂಪು ಲುಂಗಿ ಉಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಸಯಾಮಾ, ನಮ್ಮ ಯಂತ್ರ ಲಕ್ಷಾಂತರ ಸಾಲು ಓದಿ ತಾನೇ ಕಲಿತಿರೋದು," ಎಂದಳು ಐಂದ್ರಾ.

"ಯಾರ ಸಾಲು ತಾಯಿ?"

"ಪತ್ರಿಕೆಗಳದ್ದು, ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದು."

"ಎಲ್ಲಾ ಬರ್ಮಿನೇ?"

"...ಹೌದು."

"ಹಾಗಾದ್ರೆ ಅದನ್ನ ಬೈದು ಏನು ಬಂತು. ನಮ್ಮ ಶಾಲೆ ಮೇಷ್ಟ್ರೂ ಹಂಗೇ ಇದ್ರು. ನಾನು ಮೋನ್ ಬರೆದ್ರೆ ಬರ್ಮಿ ತಪ್ಪು ಬರೆದಿದೀಯಾ ಅಂತ ಕೈಗೆ ಬಾರಿಸ್ತಿದ್ರು. ಅವರಿಗೂ ಯಾರೂ ಕಲಿಸಿರ್ಲಿಲ್ಲ."

ಕೋಣೆಯಲ್ಲಿ ನಗು ಎದ್ದಿತು. ಐಂದ್ರಾ ಮಾತ್ರ ನಗಲಿಲ್ಲ, ಬರೆದುಕೊಂಡಳು. "ನಮಗೆ ಮೋನ್ ಬರಹ ಬೇಕು ಸಯಾಮಾ. ತುಂಬಾ ಬೇಕು. ಎಲ್ಲೂ ಸಿಗ್ತಿಲ್ಲ."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಮ್ಮಕ್ಕನ ಹತ್ರ ಹನ್ನೆರಡು ಡಬ್ಬಿ ಇದೆ!" ಎಂದುಬಿಟ್ಟೆ. "ಎಂಬತ್ತನೇ ಇಸವಿಯಿಂದ ಟೈಪು ಮಾಡಿದ್ದರ ಪ್ರತಿ!"

ಮೇಜಿನ ಕೆಳಗೆ ಮಿ ಲವೀ ನನ್ನ ಕಾಲು ತುಳಿದಳು. ಆದರೆ ಕಿವಿಗಳೆಲ್ಲ ಆಗಲೇ ನೆಟ್ಟಗಾಗಿದ್ದವು.

"ಸಯಾಮಾ, ಅದು ಚಿನ್ನ!" ಎಂದಳು ಐಂದ್ರಾ. "ಹೆಸರುಗಳನ್ನೆಲ್ಲ ತೆಗೆದುಹಾಕ್ತೀವಿ. ಯಾರದು ಅಂತ ಯಾರಿಗೂ ತಿಳಿಯಲ್ಲ."

"ಹೆಸರು ತೆಗೆದ್ರೆ ಸಾಕಾ? ಒಕ್ಕಣ್ಣಿನ ಹುಂಜ, ಮೂರು ಹೆಂಡ್ತೀರು, ಸೇತುವೆ ಪಕ್ಕದ ಮನೆ, ಇಷ್ಟು ಓದಿದ್ರೆ ನಮ್ಮೂರ ತೊಟ್ಟಿಲ ಕೂಸಿಗೂ ಅದ್ಯಾರು ಅಂತ ಗೊತ್ತಾಗ್ತದೆ." ಎಲ್ಲರೂ ಮತ್ತೆ ನಕ್ಕರು. ಅವಳು ಧ್ವನಿ ಏರಿಸದೆ ಮುಂದುವರಿಸಿದಳು, "ಅವರು ನನ್ನ ಮುಂದೆ ಸ್ಟೂಲ್ ಮೇಲೆ ಕೂತು ಹೇಳಿದ್ದು ನನಗೆ. ಗಂಡ ಬಿಟ್ಟಿದ್ದು, ಮಗು ಹೋಗಿದ್ದು. ಈ ಯಂತ್ರಕ್ಕಲ್ಲ. ನಾನು ಹೆಂಗೆ ಕೊಡ್ಲಿ?"

ಐಂದ್ರಾ ಪೆನ್ನು ಕೆಳಗಿಟ್ಟು ಹೇಳಿದಳು, "ಪತ್ರಿಕೆ, ಇಂಟರ್‌ನೆಟ್ಟು ಅಂದೆನಲ್ಲ ಸಯಾಮಾ, ಅಲ್ಲಿ ಬರೆದವರನ್ನೂ ನಾವು ಕೇಳಿಲ್ಲ."

"ಅದು ನಿನಗೆ ಬಿಟ್ಟಿದ್ದು ತಾಯಿ. ನಾನು ನನ್ನ ಡಬ್ಬಿ ವಿಷಯ ಹೇಳ್ತಿದೀನಿ. ಕೇಳಿ ನೋಡ್ತೀನಿ, ಸಮಯ ಕೊಡು."

ಆ ಬೇಸಿಗೆ ಮಿ ಲವೀ ಡಬ್ಬಿ ಹೊತ್ತು ಮನೆಮನೆ ಅಲೆದಳು. ದೋಣಿಯಲ್ಲಿ, ಸೈಕಲ್ ಗಾಡಿಯಲ್ಲಿ, ಕೆಲವೊಮ್ಮೆ ನನ್ನ ಸ್ಕೂಟರಿನ ಹಿಂದೆ. ಮೂವತ್ತು ವರ್ಷದ ಹಿಂದಿನ ಪತ್ರವನ್ನು ಅದನ್ನು ಬರೆಸಿದವರಿಗೇ ಓದಿ ಹೇಳುವುದು, "ಕೊಡಲೇ, ಬೇಡವೇ?" ಎಂದು ಕೇಳುವುದು. ಅಂಥ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಕೆಲವರು ಅತ್ತರು. ಒಬ್ಬಾತ ತನ್ನ ಪತ್ರ ಇಸಿದುಕೊಂಡು ಅಲ್ಲೇ ಒಲೆಗೆ ಹಾಕಿ, ಆಮೇಲೆ ನಮಗೆ ಊಟ ಹಾಕಿದ. ಅಕ್ಕನ ಜೊತೆ ದುರಿಯನ್ ಮರಕ್ಕಾಗಿ ಜಗಳವಾಡಿದ್ದ ಮುದುಕಿಯೊಬ್ಬಳು ತನ್ನ ಪತ್ರ ಕೇಳಿ ಬೊಚ್ಚುಬಾಯಿ ತೆರೆದು ನಕ್ಕು, "ಕೊಡೇ ಕೊಡು. ನನ್ನ ಬೈಗುಳ ಯಂತ್ರಾನೂ ಕಲೀಲಿ. ಅಕ್ಕ ಹೋಗಿ ಆರು ವರ್ಷ ಆಯ್ತು, ಬೈಯೋಕೆ ಯಾರೂ ಇಲ್ಲ," ಎಂದಳು.

ನಮ್ಮ ಮನೆಯ ಸರದಿಯೂ ಬಂತು. ನಾನು ಮುಳ್ಳಿನ ಮೇಲೆ ಕೂತವನಂತೆ ಚಡಪಡಿಸಿದೆ. "ಅಕ್ಕ, ಅದನ್ನ ಓದಬೇಡ. ಕೊಡೋದೂ ಬೇಡ."

"ಬರೆಸಿದವನು ಬೇಡ ಅಂದ್ರೆ ಬೇಡ," ಎಂದು ಮಿ ಲವೀ ಡಬ್ಬಿ ಮುಚ್ಚಿದಳು.

"ಪತ್ರ ಬಂದಿದ್ದು ನನಗೆ," ಎಂದು ಮಿ ಪಕಾವ್ ಅಡಿಗೆಮನೆಯಿಂದ ಹೊರಬಂದಳು. "ನಂದೂ ಒಂದು ಮಾತಿರಬೇಕಲ್ಲ? ಇವನು ಆಗ ಅಂದಿದ್ದ ಒಳ್ಳೇ ಮಾತನ್ನ ಯಂತ್ರನಾದ್ರೂ ನೆನಪಿಟ್ಕೊಳ್ಲಿ. ಇವನಂತೂ ಮರೆತಿದಾನೆ."

ಕೊನೆಗೆ ಇಬ್ಬರೂ ಒಪ್ಪಿದೆವು, ನಾನು ಒಂದು ಸಾಲು ಹೊಡೆದುಹಾಕಿದ ಮೇಲೆ. ಯಾವ ಸಾಲು ಎಂದು ಇಲ್ಲಿಯೂ ಹೇಳುವುದಿಲ್ಲ.

ಇನ್ನೂರಕ್ಕೂ ಹೆಚ್ಚು ಜನರನ್ನು ಕೇಳಿ, ಹೂಂ ಅಂದದ್ದು ಅರವತ್ತು ಎಪ್ಪತ್ತು ಮಂದಿ. ಮದುವೆ ಕರೆಯೋಲೆ, ದಾನದ ಚೀಟಿ ಊರಿಗೆಲ್ಲ ಹಂಚಿದ್ದೇ ಆದ್ದರಿಂದ ಅವು ಸೇರಿದವು. ಆದರೂ ಕಮ್ಮಿಯೇ. ಆಗ ಶನಿವಾರದ ಪಾಠದವರು ತಾವೇ ಬರೆಯುತ್ತೇವೆ ಎಂದರು. ಹೊಸವರ್ಷಕ್ಕೆ ಸುವಾಸನೆಯ ನೀರಲ್ಲಿ ಅನ್ನ ನೆನೆಸಿ ಒಣಮೀನು, ಮಾವಿನಕಾಯಿ ಜೊತೆ ತಿನ್ನುವ ಅಡಿಗೆಯನ್ನು ಐದು ಜನ ಐದು ರೀತಿ ಬರೆದರು, ಐವರೂ ಉಳಿದ ನಾಲ್ವರದು ತಪ್ಪೆಂದು ಕೊನೆಗೆ ಸೇರಿಸಿದರು. ಒಗಟು, ಹಾವು ಕಚ್ಚಿದ್ದು, ದೋಣಿ ಮುಳುಗಿದ್ದು, ಅತ್ತೆಯ ಗೊರಕೆ. ಐಂದ್ರಾ ಹೆಸರು ತೆಗೆಯುವ ವಿಷಯ ಮತ್ತೆ ಎತ್ತಿದಾಗ ಮಿ ಸೊರ್ನ್ ಎದ್ದು ನಿಂತಳು. "ಯಾಕೆ ತೆಗೀತೀರಿ? ನಾನು ಕಷ್ಟಪಟ್ಟು ಬರೆದಿರೋದು. ಹೆಸರು ಇರಲಿ, ದೊಡ್ಡದಾಗೇ ಇರಲಿ!"

ಹನ್ನೊಂದು ತಿಂಗಳು ಹಿಡಿಯಿತು. ಮುಂದಿನ ಸಲ ಬಂದ ಪ್ರೋಗ್ರಾಮಿಗೆ ಮಿ ಲವೀ ಸಯಾಡೊ ಅವರ ಹೆಸರು ಹಾಕಿದಾಗ ಅದು ಏನನ್ನೂ ತಿದ್ದಲಿಲ್ಲ. ಇದು ಮೋನ್ ಎಂದು ಗುರುತಿಸಿ, ಇದ್ದದ್ದನ್ನು ಇದ್ದಂತೆ ಬಿಟ್ಟಿತು. "ಅಬ್ಬಾ, ಸುಮ್ಮನಿರೋದು ಕಲಿತಲ್ಲಪ್ಪ," ಎಂದಳು. ಕಳೆದ ಅಕ್ಟೋಬರಿನಲ್ಲಿ ದೇಶಕ್ಕೆ ದೇಶವೇ ಹೊಸ ಫಾಂಟಿಗೆ ಬದಲಾಯಿತು. ಗಲಾಟೆ, ಗೊಂದಲ, ಬೈಗುಳ ಎಲ್ಲ ಎರಡು ಮೂರು ತಿಂಗಳಿದ್ದು ತಣ್ಣಗಾಯಿತು. ಮಹಾಚೈಯ ಮಗ ಈಗ ಅಮ್ಮನಿಗೆ ಎರಡೂ ಭಾಷೆಯಲ್ಲಿ ಬರೆಯುತ್ತಾನೆ. ಅಮ್ಮ ಉತ್ತರ ಬರೆಯುವಷ್ಟರಲ್ಲಿ ಅವನು ಎರಡು ಸಲ ಫೋನು ಮಾಡಿರುತ್ತಾನೆ.

ಮಿ ಲವೀಗೆ ಈಗ ಅರವತ್ತೊಂದು. ಅಂಗಡಿ ಇದೆ, ಕನ್ನಡಕ ದಪ್ಪವಾಗಿದೆ. ಕಾರ್ಬನ್ ಪ್ರತಿ ನಿಲ್ಲಿಸಿದ್ದಾಳೆ. ಕಂಪ್ಯೂಟರಿನಲ್ಲಿ ಟೈಪು ಮಾಡಿಸಿದವರನ್ನು, "ಇಟ್ಟುಕೊಳ್ಳಲಾ, ಅಳಿಸಿಬಿಡಲಾ?" ಎಂದು ಕೇಳಿ, ಬೇಡವೆಂದರೆ ಅವರ ಕಣ್ಣೆದುರೇ ಅಳಿಸುತ್ತಾಳೆ. ಕೊಡಲೊಪ್ಪದವರ ಪತ್ರಗಳನ್ನು ಅವರಿಗೇ ಹಿಂತಿರುಗಿಸಿದಳು. ತೀರಿಹೋದವರ ಪತ್ರಗಳ ಎರಡು ಡಬ್ಬಿ ಮಾತ್ರ ಉಳಿದಿವೆ. ಅವನ್ನೇನು ಮಾಡುವುದೆಂದು ಅವಳಿಗಿನ್ನೂ ಹೊಳೆದಿಲ್ಲ. ಮಕ್ಕಳನ್ನು ಕೇಳಬಹುದಲ್ಲ ಎಂದೆ. "ಮಕ್ಕಳಿಗೆ ತಿಳೀಬಾರ್ದು ಅಂತಲೇ ಬರೆಸಿದ್ದು ಅರ್ಧ ಇದೆ ಕಣೋ," ಎಂದಳು.

ಹೋದ ವಾರ ಜೋ ಲಟ್ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ. ಬರ್ಮಿ, ಇಂಗ್ಲಿಷ್, ಮೋನ್ ಮೂರರಲ್ಲೂ. ಮೋನ್ ಸಾಲನ್ನು ಯಾರನ್ನೂ ಕೇಳದೆ ಅವನೇ ಬರೆದದ್ದು, ಅದರಲ್ಲೊಂದು ಒತ್ತಕ್ಷರ ತಪ್ಪು. ಮಿ ಲವೀ ಬೀದಿಯಲ್ಲಿ ನಿಂತು, "ಇಳಿಸೋ ಅದನ್ನ! ಮಾನ ಹೋಗ್ತದೆ!" ಎಂದಳು.

"ಒಂದು ವಾರ ಇರಲಿ ಸಯಾಮಾ," ಎಂದ ಅವನು. "ಬೆಳಿಗ್ಗೆಯಿಂದ ಇಪ್ಪತ್ತೊಂಬತ್ತು ಜನ ಒಳಗೆ ಬಂದು ತಪ್ಪಿದೆ ಅಂತ ಹೇಳಿ ಹೋದ್ರು. ಅವರಲ್ಲಿ ನಾಲ್ಕು ಜನ ಚಾರ್ಜರೂ ಕೊಂಡ್ರು."

ಇದೇ ಅಂಗಡಿಯ ಮುಂದೆ ಮೂರು ದಿನ ಕೂತು, ಓದಬಲ್ಲವರು ಹದಿಮೂರೇ ಎಂದು ಎಣಿಸಿದ್ದವಳು ಬೈಯುವುದನ್ನು ಬಿಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, "ಮೂವತ್ತನೆಯವರು ಬರೋವರೆಗೆ ಚಹಾ ಕುಡಿಸು," ಎಂದಳು.